ಹಿತ್ತಲಿನ ಒಂಬತ್ತನೇ ಗೂಟ

ಮನೆಯಿಂದ, ಇಸ್ತ್ರಿ ಮೇಜಿನ ಮೇಲಿಟ್ಟು ಬರೆದದ್ದು
ಮಂಗಳವಾರ, ಎಂಟನೇ ತಾರೀಖು

ಪ್ರೀತಿಯ ತಮ್ಮಾ,

ನನ್ನ ಕೈಗೆ ಈ ಪೆನ್ನು ತುರುಕಿದವರಿಗೆ ಒಳ್ಳೆಯದಾಗಲಿ ಎಂದು ನಾನಂತೂ ಹೇಳುವುದಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳನ್ನು ಅರವತ್ತಾರನೇ ವಯಸ್ಸಿನಲ್ಲಿ ಪರೀಕ್ಷೆಗೆ ಕೂರಿಸಿದ್ದಾರೆ. ಬೆಳಗ್ಗೆಯಿಂದ ಮೂರು ಹಾಳೆ ಹರಿದು ಬಿಸಾಕಿದೆ. ಇಷ್ಟು ಹೊತ್ತಿನಲ್ಲಿ ನಲವತ್ತು ದುಪ್ಪಟಿ ಇಸ್ತ್ರಿ ಮಾಡಿ ಮಡಚಿಡುತ್ತಿದ್ದೆ. ಫೋನಿನಲ್ಲಿ ಹೇಳಿ ಮುಗಿಸುತ್ತೇನೆ ಎಂದರೆ ಅದೂ ಕೂಡದಂತೆ. "ಬಾಯಲ್ಲಿ ಹೇಳಿದ್ರೆ ನೀವು ಅದನ್ನೂ ಬೈಗುಳ ಮಾಡಿಬಿಡ್ತೀರ ಅತ್ತೆ, ಕೂತ್ಕೊಂಡು ಬರೀರಿ" ಅಂದಳು. ಬೇರೆ ಯಾರಾದರೂ ಹಾಗಂದಿದ್ದರೆ ಬಾಗಿಲು ತೋರಿಸುತ್ತಿದ್ದೆ. ಅಂದವಳು ನಿನ್ನ ಮಗಳು.

ಗಾಬರಿ ಬೀಳಬೇಡ. ಅವಳು ಇಲ್ಲೇ ನಮ್ಮ ಮನೆಯಲ್ಲಿದ್ದಾಳೆ, ಚೆನ್ನಾಗಿ ಉಣ್ಣುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಹಾಸಿಗೆ ಮಾತ್ರ ಮಡಚುವುದಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಸೊಂಟ ಹೇಗಿದೆ? ಡಿಪೋದ ಗೇಟಿನಲ್ಲಿ ಆ ಮುರುಕು ಕುರ್ಚಿಯಲ್ಲೇ ಎಂಟು ತಾಸು ಕೂರುತ್ತೀಯಂತೆ, ಬೇರೆ ಕುರ್ಚಿ ಕೇಳುವುದಕ್ಕೂ ಬಾಯಿಲ್ಲವಂತೆ. ನಿನ್ನ ಹೆಂಡತಿಯ ಕಣ್ಣಿನ ಪಟ್ಟಿ ಬಿಚ್ಚಿದರಾ? ಕಣ್ಣು ಸರಿಯಾದರೆ ಮೊದಲು ನಿನ್ನ ಮುಖ ನೋಡಬೇಕಾಗುತ್ತದೆ, ಪಾಪ. ನನಗೆ ಮಂಡಿ ನೋವು ಬಿಟ್ಟರೆ ಏನೂ ಇಲ್ಲ. ನಿನ್ನ ಭಾವನಿಗೆ ಎಪ್ಪತ್ತೊಂದು. ಮೋಡ ಕಟ್ಟುವುದು ಆಕಾಶಕ್ಕಿಂತ ಮುಂಚೆ ಅವರ ಎಡಗಾಲಿಗೆ ಗೊತ್ತಾಗುತ್ತದೆ. ಬೀದಿಯವರೆಲ್ಲ ಬಟ್ಟೆ ಒಣಗಹಾಕುವ ಮೊದಲು ನಮ್ಮ ಬಾಗಿಲಿಗೆ ಬಂದು "ಕಾಲು ಏನಂತದೆ?" ಎಂದು ಕೇಳಿಕೊಂಡು ಹೋಗುತ್ತಾರೆ. ಅವರಿಗೂ ಅದೊಂದು ಹೆಮ್ಮೆ.

ಈಗ ನಿನ್ನ ಮಗಳ ವಿಷಯ. ಹಿಂದಿನ ಓಣಿಯಲ್ಲಿ ದೊಡ್ಡ ಚರಂಡಿ ಬರುತ್ತದಂತೆ. ಅಗೆಯುವ ಮೊದಲು ನೆಲದೊಳಗೆ ಎಲ್ಲಿ ಕಲ್ಲಿದೆ, ಎಲ್ಲಿ ಪೊಳ್ಳಿದೆ ಎಂದು ನೋಡಲು ಒಂದು ವ್ಯಾನು ಬಂತು. ಅದರಿಂದ ಹೆಲ್ಮೆಟ್ಟು ಹಾಕಿದ ಹೆಣ್ಣೊಂದು ಇಳಿದು ನಮ್ಮ ಬಾಗಿಲಲ್ಲಿ ನಿಂತಿತು. ನಾನು ತಲೆ ಎತ್ತದೆ "ಇವತ್ತು ಬಟ್ಟೆ ತಗೊಳ್ಳಲ್ಲ, ನಾಳೆ ಬಾ" ಅಂದೆ. ಆಮೇಲೆ ತಲೆ ಎತ್ತಿ ನೋಡಿದರೆ ಎಡಗಡೆಯ ಹುಬ್ಬು ಒಂದನ್ನೇ ಮೇಲೆತ್ತಿಕೊಂಡು ನಿಂತಿದ್ದಾಳೆ. ಆ ಹುಬ್ಬು ನಮ್ಮ ಅಪ್ಪನದು, ಆಮೇಲೆ ನಿನ್ನದು, ಬೇರೆ ಯಾರ ಹತ್ತಿರವೂ ಇಲ್ಲ. ನಾಲ್ಕು ವರ್ಷದ ಕೂಸಾಗಿದ್ದಾಗ ಈ ಮನೆ ಬಿಟ್ಟಳು, ಈಗ ಇಪ್ಪತ್ತೇಳು. ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ಒಂದು ದಿಂಬಿನ ಚೀಲ ಸುಟ್ಟುಹೋಯಿತು. ಮೂವತ್ತು ವರ್ಷದಲ್ಲಿ ಇದು ಎರಡನೆಯದು.

ಹತ್ತು ದಿನದ ಕೆಲಸ, ಲಾಡ್ಜಿನಲ್ಲಿ ಇರುತ್ತೇನೆ ಅಂದಳು. ನಿನ್ನ ಭಾವ ಕುಂಟಿಕೊಂಡು ಹೋಗಿ ವ್ಯಾನಿನಿಂದ ಅವಳ ಚೀಲ ತಾವೇ ಹೊತ್ತು ತಂದರು. "ಲಾಡ್ಜಿನ ದುಪ್ಪಟಿ ನಾವೇ ಒಗೆಯೋದು ಕಣಮ್ಮ, ಅದಕ್ಕೇ ಹೇಳ್ತೀನಿ, ಅಲ್ಲಿ ಮಲಗಬೇಡ" ಅಂದರು. ಅವಳು ನಕ್ಕಳು. ನಿನಗೆ ತಿಳಿಸದೆ ಬಂದಿದ್ದಕ್ಕೆ ಅವಳನ್ನು ಬಯ್ಯಬೇಡ. ಬಯ್ಯುವ ಕೆಲಸ ನಾನು ಆಗಲೇ ಮುಗಿಸಿದ್ದೇನೆ.

ಇಸ್ತ್ರಿ ಕೋಣೆಯ ಹಿಂದಿನ ಗೋಡೆ ಮತ್ತೆ ಬಿರುಕು ಬಿಟ್ಟಿದೆ, ತಮ್ಮಾ. ಅದೇ ಮೂಲೆ. ಕಿರುಬೆರಳು ತೂರುವಷ್ಟು. ಇದನ್ನು ನಿನಗೆ ತಿಳಿಸಿರಲಿಲ್ಲ. ನಿನ್ನ ಮಗಳು ಮೊದಲ ದಿನವೇ ಅದನ್ನು ನೋಡಿದಳು, ಬೆರಳಿಟ್ಟೂ ನೋಡಿದಳು, ಆಮೇಲೆ "ಅಪ್ಪ ಮುಚ್ಚಿದ ಬಾವಿ ಎಲ್ಲಿ?" ಎಂದು ಕೇಳಿದಳು. ಅವಳಿಗೆ ಎಲ್ಲ ಗೊತ್ತಿದೆ. ಅಂದರೆ ನೀನು ಹೇಳಿದಷ್ಟು ಗೊತ್ತಿದೆ. ಹಿತ್ತಲಿನ ಹಾಳುಬಾವಿಯನ್ನು ನೀನು ಮುಚ್ಚಿದ್ದು, ಅದರ ಅರ್ಧದ ಮೇಲೆ ಇಸ್ತ್ರಿ ಕೋಣೆ ಕಟ್ಟಿದ್ದು, ಎಂಟು ತಿಂಗಳಿಗೇ ಹಿಂದಿನ ಗೋಡೆ ಕುಸಿದು ನಿನ್ನ ಭಾವನ ಕಾಲ ಮೇಲೆ ಬಿದ್ದದ್ದು. ನೀನು ಅವಳಿಗೆ ಒಂದು ದಿನವೂ ನನ್ನನ್ನು ದೂರಿ ಮಾತಾಡಿಲ್ಲವಂತೆ. "ತಪ್ಪು ನನ್ನದೇ ಇರಬೇಕು, ಅಕ್ಕ ಸುಮ್ಸುಮ್ನೆ ಏನೂ ಹೇಳೋಳಲ್ಲ" ಎಂದಷ್ಟೇ ಹೇಳುತ್ತಿದ್ದೆಯಂತೆ. ಅಂದಿನಿಂದ ಗುದ್ದಲಿ ಮುಟ್ಟಿಲ್ಲವಂತೆ. ಮನೆ ಮುಂದೆ ಒಂದು ಗಿಡ ನೆಡಬೇಕಾದರೂ ಗುಂಡಿ ತೆಗೆಯಲು ಬೇರೆಯವರನ್ನು ಕರೆಯುತ್ತೀಯಂತೆ. ಇದನ್ನು ಕೇಳಿ ನನಗೆ ಸಿಟ್ಟು ಬಂತು. ಗಿಡ ನೆಡುವುದಕ್ಕೂ ಬಾವಿ ಮುಚ್ಚುವುದಕ್ಕೂ ಏನು ಸಂಬಂಧ? ಮೊದಲಿಂದಲೂ ನೀನು ಹಾಗೆಯೇ. ಒಂದು ಮಾತು ಅಂದರೆ ಹತ್ತು ಮಾತಿನಷ್ಟು ಹೊತ್ತುಕೊಳ್ಳುತ್ತೀಯ.

ಆದರೆ ನಾನಂದದ್ದೂ ಸಣ್ಣ ಮಾತಲ್ಲ, ನೆನಪಿದೆ. ಆಸ್ಪತ್ರೆಯ ಕಾರಿಡಾರು, ಔಷಧದ ನಾತ, ನೀನು ಗೋಡೆಗೆ ಒರಗಿ ನಿಂತಿದ್ದೆ. "ಬೇರೆ ಯಾವ ಕೆಲಸವೂ ಬರಲ್ಲ, ಗುಂಡಿನಾದ್ರೂ ಮುಚ್ಚಲಿ ಅಂತ ಕೊಟ್ರೆ ಅದರಲ್ಲೂ ಗುಂಡಿ ಬಿಟ್ಟೆ" ಅಂದೆ. ನರ್ಸು ಕೂಡ ತಿರುಗಿ ನೋಡಿದಳು. ಮಾರನೇ ವಾರ ನೀನು ಹೆಂಡತಿ ಮಗು ಕಟ್ಟಿಕೊಂಡು ಹೊರಟೆ. ಹೊರಡುವಾಗ ಜಗಳವನ್ನಾದರೂ ಆಡಿದೆಯಾ, ಅದೂ ಇಲ್ಲ. ಬಗ್ಗಿ ನನ್ನ ಕಾಲು ಮುಟ್ಟಿ ಹೋದೆ. ಅದಕ್ಕಿಂತ ಒಂದು ಕಲ್ಲು ಎತ್ತಿ ಹೊಡೆದಿದ್ದರೆ ಚೆನ್ನಾಗಿತ್ತು.

ನಿನ್ನ ಭಾವ ಮಾತ್ರ ಅವತ್ತಿನಿಂದ ಒಂದೇ ರಾಗ. "ಗೋಡೆ ಬಿದ್ದಿದ್ದು ನನ್ನ ಕಾಲ ಮೇಲೆ, ನಿನ್ನ ನಾಲಿಗೆ ಬಿದ್ದಿದ್ದು ಅವನ ಮೇಲೆ. ನನ್ನದು ಮೂರು ತಿಂಗಳಿಗೆ ವಾಸಿಯಾಯ್ತು" ಎನ್ನುತ್ತಾರೆ. ನಾನು ಸೋಪು ಕೈಗೆ ಸಿಕ್ಕರೆ ಸೋಪು ಎಸೆಯುತ್ತೇನೆ.

ನಿನ್ನ ಮಗಳ ಕೆಲಸ ಹೇಗೆ ಗೊತ್ತೇನು? ನೀನು ನೋಡಿರಲಿಕ್ಕಿಲ್ಲ. ಓಣಿಯಿಂದ ಶುರು ಮಾಡಿ ನಮ್ಮ ಹಿತ್ತಲಿನುದ್ದಕ್ಕೂ, ಒಗೆಯುವ ಕಲ್ಲಿನವರೆಗೆ, ಕೋಣೆಯ ಗೋಡೆಗೆ ಸಮವಾಗಿ ಒಂದು ದಾರ ಹಿಡಿದಳು. ದಾರದ ಗುಂಟ ಒಂದೊಂದು ಹೆಜ್ಜೆಗೆ ಒಂದರಂತೆ ಇಪ್ಪತ್ನಾಲ್ಕು ಉಕ್ಕಿನ ಗೂಟ ಹೊಡೆದರು. ಎಲ್ಲಾ ಗೂಟಕ್ಕೂ ಒಂದು ಉದ್ದನೆಯ ತಂತಿ, ತಂತಿಯ ಕೊನೆಗೆ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಕಾರಿನ ಬ್ಯಾಟರಿ. ಎರಡು ಗೂಟದಿಂದ ನೆಲಕ್ಕೆ ಕರೆಂಟು ಬಿಡುತ್ತಾರೆ, ಇನ್ನೆರಡು ಗೂಟದಲ್ಲಿ ಅದು ಎಷ್ಟು ಬಂತು ಎಂದು ಪೆಟ್ಟಿಗೆ ಅಳೆಯುತ್ತದೆ. ಹೀಗೆ ಗೂಟ ಬದಲಿಸಿ ಬದಲಿಸಿ ನೂರಾರು ಸಲ. "ಒದ್ದೆ ಮಣ್ಣಲ್ಲಿ ಸಲೀಸಾಗಿ ಹೋಗುತ್ತೆ ಅತ್ತೆ, ಒಣ ಕಲ್ಲಿದ್ರೆ ತಡೆಯುತ್ತೆ, ಪೊಳ್ಳಿದ್ರೆ ಹೋಗೋದೇ ಇಲ್ಲ" ಅಂದಳು. ನನಗೆ ಥಟ್ಟನೆ ಅರ್ಥವಾಯಿತು. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ನಾನು ಕೆನ್ನೆಗೆ ಹಚ್ಚಿ ನೋಡುವುದಿಲ್ಲವೇ, ಹಾಗೆ ಅವಳು ನೆಲವನ್ನು ನೋಡುತ್ತಾಳೆ. ಕೊನೆಗೆ ಎಲ್ಲಾ ಸೇರಿ ಬಣ್ಣದ ಚಿತ್ರವಾಗುತ್ತದೆ. ಒದ್ದೆ ಇದ್ದಲ್ಲಿ ನೀಲಿ, ಗಟ್ಟಿ ಇದ್ದಲ್ಲಿ ಹಳದಿ, ಪೊಳ್ಳಿದ್ದಲ್ಲಿ ಕಡುಗೆಂಪು. ನೆಲವನ್ನು ಬ್ರೆಡ್ಡಿನ ಹಾಗೆ ಕುಯ್ದು ಅಡ್ಡಲಾಗಿ ಇಟ್ಟಂತೆ ಕಾಣುತ್ತದೆ.

ನೆಲ ತೀರಾ ಒಣಗಿದ್ದರೆ ಗೂಟಕ್ಕೂ ಮಣ್ಣಿಗೂ ಸರಿಯಾಗಿ ಹತ್ತುವುದಿಲ್ಲವಂತೆ. ಅದಕ್ಕೆ ಪ್ರತಿ ಗೂಟದ ಬುಡಕ್ಕೂ ಒಂದೊಂದು ಮಗ್ ಉಪ್ಪುನೀರು ಹಾಕಬೇಕು. ನೀರು ಹಾಕುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ನೀರಿನ ಕೆಲಸದಲ್ಲಿ ಈ ಬೀದಿಯಲ್ಲಿ ನನಗೆ ಸಾಟಿ ಯಾರಿದ್ದಾರೆ? "ಒಂದೇ ಮಗ್, ಎಲ್ಲಾದಕ್ಕೂ ಒಂದೇ ಸಮ" ಎಂದು ಎರಡು ಸಲ ಹೇಳಿದಳು. ಆಯಿತು ತಾಯಿ ಅಂದೆ.

ಈಗ ಬರೆಯುವುದನ್ನು ಓದಿ ನೀನು ನಗು ಅಥವಾ ಅಳು, ನಿನಗೆ ಬಿಟ್ಟದ್ದು. ಒಂಬತ್ತು, ಹತ್ತು, ಹನ್ನೊಂದನೇ ಗೂಟ ನೀನು ಮುಚ್ಚಿದ ಬಾವಿಯ ಮೇಲೆ ಬರುತ್ತವೆ. ನಿನ್ನ ಮಗಳು ಓಣಿಯ ತುದಿಯಲ್ಲಿ ಪೆಟ್ಟಿಗೆಗೆ ತಂತಿ ಸಿಕ್ಕಿಸುತ್ತಿದ್ದಳು. ತಂತಿ ಎಳೆಯುವವನು ಚಹಾಕ್ಕೆ ಹೋಗಿದ್ದ. ನಾನು ಆ ಮೂರು ಗೂಟಕ್ಕೂ ಒಂದೊಂದು ಬಕೆಟ್ ಸುರಿದೆ. ಒಂಬತ್ತನೆಯದಕ್ಕೆ ಎರಡು. ನೀರು ಇಂಗುವವರೆಗೆ ನಿಂತಿದ್ದು, ಮೇಲೆ ಒಣಮಣ್ಣು ಕಾಲಲ್ಲಿ ಎಳೆದು ಮುಂದಿನ ಗೂಟಕ್ಕೆ ಹೋದೆ.

ಸಂಜೆ ಚಿತ್ರ ಬಂತು. ಬಾವಿಯ ಜಾಗದಲ್ಲಿ ದೊಡ್ಡ ನೀಲಿ ಕಲೆ. ನಾನು "ನೋಡಿದ್ಯಾ, ಬಾವಿ ನೀರು ಕುಡಿದು ಸಡಿಲ ಆಗಿದೆ. ನಾನು ಆವತ್ತೇ ಹೇಳಿದ್ದೆ" ಅಂದೆ. ಅವಳು ಎಡಹುಬ್ಬು ಎತ್ತಿ ಚಿತ್ರವನ್ನೇ ನೋಡಿದಳು. ಜೊತೆಯವರೆಲ್ಲ ವ್ಯಾನು ಹತ್ತಿ ಹೋದ ಮೇಲೆ, ನಾನು ಪಾತ್ರೆ ಉಜ್ಜುತ್ತಿದ್ದಾಗ ಹತ್ತಿರ ಬಂದು ನಿಂತು, "ಅತ್ತೆ, ಬಕೆಟ್ಟು ಎಷ್ಟು ಸಲ ತುಂಬಿಸಿದ್ರಿ?" ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು "ಯಾವ ಬಕೆಟ್ಟು? ನಾನು ಮಗ್ಗಲ್ಲೇ ಹಾಕಿದ್ದು!" ಎಂದು ಕೂಗಿಬಿಟ್ಟೆ. ಅವಳು ಮೆಲ್ಲಗೆ, "ಸೋರಿದ ನೀರು ಕೆಳಗಿಂದ ಹರಡಿರುತ್ತೆ ಅತ್ತೆ. ಇದು ಮೇಲೆ ಮೊಳದಷ್ಟೇ ಇದೆ, ಕೆಳಗೆ ಒಣಗಿದೆ. ಇದು ಇವತ್ತು ಸುರಿದ ನೀರು" ಅಂದಳು. ಜೊತೆಯವರ ಮುಂದೆ ಕೇಳಲಿಲ್ಲ ನೋಡು. ನಾನಾಗಿದ್ದರೆ ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಆ ಬುದ್ಧಿ ನಿನ್ನ ಹೆಂಡತಿಯ ಕಡೆಯಿಂದ ಬಂದಿರಬೇಕು.

ಯಾಕೆ ಸುರಿದೆ ಎಂದು ಅವಳು ಕೇಳಲಿಲ್ಲ. ನಾನೇ ಹೇಳುತ್ತೇನೆ. ಬಾವಿಯದೇ ತಪ್ಪು ಎಂದು ಬರಲಿ ಅಂತ ಸುರಿದೆ. ಇಪ್ಪತ್ಮೂರು ವರ್ಷ ಒಂದೇ ಮಾತು ಹೇಳಿಕೊಂಡು ಬಂದವಳಿಗೆ ಅದೇ ನಿಜವಾಗಲಿ ಅನ್ನಿಸುವುದಿಲ್ಲವೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ನೆಲವನ್ನೇ ಡೊಂಕು ಮಾಡಲು ನೋಡಿದೆ.

ನಾಲ್ಕು ದಿನ ನೆಲ ಒಣಗಲು ಬಿಟ್ಟರು. ಮತ್ತೆ ಗೂಟ ಹೊಡೆದರು. ಈ ಸಲವೂ ನೀರಿನ ಮಗ್ ನನ್ನ ಕೈಗೇ ಕೊಟ್ಟಳು, ಅದು ನನಗೆ ಸೋಜಿಗ. ಬೇರೆಯವರಿಗೆ ಕೊಡಬಹುದಿತ್ತು. ನಾನು ಒಂದೊಂದು ಮಗ್ಗನ್ನೂ ಅಂಚಿನವರೆಗೆ ತುಂಬಿ, ಹೆಚ್ಚಾದ ಹನಿ ಬೆರಳಲ್ಲಿ ಸವರಿ ಹಾಕಿದೆ. ಮಗುವಿಗೆ ಔಷಧ ಹಾಕುವಾಗಲೂ ಅಷ್ಟು ಲೆಕ್ಕ ನೋಡಿರಲಿಲ್ಲ.

ಚಿತ್ರ ಬಂದಾಗ ನಿನ್ನ ಭಾವನನ್ನೂ ಕರೆದಳು. ಬಾವಿಯ ಜಾಗ ತಳದಿಂದ ಮೇಲಿನವರೆಗೆ ಒಂದೇ ಹಳದಿ. ಎಲ್ಲೂ ಒಂದು ಚುಕ್ಕೆ ಇಲ್ಲ, ಗಂಟಿಲ್ಲ, ಇಸ್ತ್ರಿ ಮಾಡಿಟ್ಟ ಹಾಗೆ. "ನಾನು ಇಷ್ಟು ಊರು ಸುತ್ತಿದೀನಿ, ಮುಚ್ಚಿದ ಬಾವಿ ಹೀಗೆ ಕಂಡಿದ್ದು ಇದೇ ಮೊದಲು" ಅಂದಳು. ಆಮೇಲೆ ನಿನ್ನ ಪಾಠ ಒಪ್ಪಿಸಿದಳು. ಮೊದಲು ಕಲ್ಲು, ಆಮೇಲೆ ಜಲ್ಲಿ, ಆಮೇಲೆ ಗೇಣು ಗೇಣು ಮಣ್ಣು. ಗೇಣಿಗೊಂದು ಸಲ ನೀರು ಹಾಕಿ ದಿಮ್ಮಿಯಲ್ಲಿ ಬಡಿಯುವುದು. ಹಾರೆಯನ್ನು ಹೆಗಲೆತ್ತರದಿಂದ ಬಿಟ್ಟು, ಎರಡು ಬೆರಳಿಗಿಂತ ಹೆಚ್ಚು ಇಳಿದರೆ ಮತ್ತೆ ಬಡಿಯುವುದು. ಹತ್ತೊಂಬತ್ತು ದಿನ ನೀನು ಹಾಗೆ ಮಾಡುತ್ತಿದ್ದಾಗ "ಬಾವಿ ಮುಚ್ತಿದೀಯೋ, ತೊಟ್ಟಿಲು ತೂಗ್ತಿದೀಯೋ" ಎಂದು ಆಡಿಕೊಂಡವಳು ನಾನು. ನಿನ್ನ ಭಾವ ಸುಮ್ಮನಿರಲಿಲ್ಲ. ಮೂಲೆಯಲ್ಲಿ ತುಕ್ಕು ಹಿಡಿದಿದ್ದ ನಿನ್ನ ಹಾರೆ ತಂದು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಬಾವಿಯ ಮೇಲೆ ಎತ್ತಿಬಿಟ್ಟರು. ಒಂದು ಬೆರಳೂ ಇಳಿಯಲಿಲ್ಲ. ಠಣ್ ಎಂದು ಪಕ್ಕಕ್ಕೆ ಬಿತ್ತು. ಅವರು ಒಳಗೆ ಹೋಗಿ ಮುಖ ತೊಳೆದುಕೊಂಡರು.

ಕೆಂಪು ಇದ್ದದ್ದು ಬೇರೆ ಕಡೆ. ಒಗೆಯುವ ಕಲ್ಲಿನಿಂದ ಗೋಡೆಯ ಬುಡದಲ್ಲೇ ಓಣಿಗೆ ಹೋಗುವ ನೀರಿನ ಪೈಪಿದೆಯಲ್ಲ, ಅದರ ಗುಂಟ ಉದ್ದಕ್ಕೆ ನೀಲಿ ನಾಲಿಗೆ, ಹಿಂದಿನ ಮೂಲೆ ಬಂದಾಗ ನಾಲಿಗೆಯ ಮೇಲೊಂದು ಕಡುಗೆಂಪು ಉಂಡೆ. ಅವಳು ಕೋಣೆಯ ಒಳಗೆ ಅದೇ ಮೂಲೆಯಲ್ಲಿ ನೆಲಕ್ಕೆ ಬೆರಳುಗಾತ್ರದ ತೂತು ಕೊರೆಸಿ, ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟಳು. ಎರಡು ಮೊಳ ಇಳಿಯಿತು ತಮ್ಮಾ. ಎರಡು ಮೊಳ ಬರೀ ಗಾಳಿ. ಅದರ ಮೇಲೆ ನಾನು ಇಷ್ಟು ವರ್ಷ ನಿಂತು ಇಸ್ತ್ರಿ ಮಾಡಿದ್ದೇನೆ. ಪೈಪಿನ ಕೀಲು ಬಿಟ್ಟು, ಸೋಪಿನ ನೀರು ಹನಿಹನಿಯಾಗಿ ಮಣ್ಣು ಕರಗಿಸಿಕೊಂಡು ಹೋಗಿದೆ.

ಆ ಕೀಲು ಹಾಕಿದವಳು ನಾನು, ನಿನಗೂ ಗೊತ್ತಿದೆ. ಎರಡು ದಿನ ತಡಿ ಅಕ್ಕಾ, ಸಿಮೆಂಟಿನ ಕಾಲರು ಹಾಕಿ ಕೂರಿಸುತ್ತೇನೆ ಅಂದಿದ್ದೆ ನೀನು. ಆಸ್ಪತ್ರೆಯ ದುಪ್ಪಟಿ ಗುಡ್ಡೆ ಬಿದ್ದಿತ್ತು, ನನಗೆ ತಾಳ್ಮೆ ಎಲ್ಲಿ? ನೀನು ಊಟಕ್ಕೆ ಹೋದಾಗ ಗೋಣಿಬಟ್ಟೆ ಸುತ್ತಿ, ಡಾಂಬರು ಬಳಿದು, ಮಣ್ಣು ಎಳೆದೆ.

ಇಷ್ಟು ವಿಷಯ. ಹಿಂದಿನ ಕೋಣೆ ಈಗ ಖಾಲಿ ಮಾಡಿದ್ದೇವೆ, ಮೇಜನ್ನು ಮುಂದಿನ ಜಗಲಿಗೆ ತಂದಿದ್ದೇವೆ, ಗಾಳಿ ಚೆನ್ನಾಗಿದೆ. ನಿನ್ನ ಮಗಳು ಈ ಕಾಗದ ಓದುವುದಿಲ್ಲ ಎಂದು ಮಾತು ಕೊಟ್ಟು, ತಪ್ಪು ತಿದ್ದಿಕೊಡು ಅಂದರೂ ಕೇಳದೆ ಕೆಲಸಕ್ಕೆ ಹೋಗಿದ್ದಾಳೆ. ಅಕ್ಷರ ತಪ್ಪಿದ್ದರೆ ನುಂಗಿಕೋ. ನಿನ್ನ ಹೆಂಡತಿಗೆ ಕಣ್ಣು ಚೆನ್ನಾಗಿ ಬರಲಿ, ನಿನ್ನ ಸೊಂಟ ನೆಟ್ಟಗಾಗಲಿ. ಆ ಕುರ್ಚಿ ಬದಲಿಸಲು ಹೇಳು, ಇಲ್ಲದಿದ್ದರೆ ನಾನೇ ಬಂದು ನಿಮ್ಮ ಡಿಪೋದವರಿಗೆ ಹೇಳುತ್ತೇನೆ, ಆಗ ಅವರಿಗೇ ಕಷ್ಟ. ನಿನ್ನ ಭಾವ ನಿನಗೆ ಹೇಳು ಎಂದದ್ದು ಒಂದೇ: "ಹಾರೆಗೆ ಎಣ್ಣೆ ಹಾಕಿ ಇಟ್ಟಿದೀನಿ ಅಂತ ಬರಿ."

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ,
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಅಂಟಿಸುವ ಮೊದಲು ಬರೆದುಬಿಡುತ್ತೇನೆ, ತಂತಿ ಎಳೆಯುವವನು ಪೋಸ್ಟಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ. ಗೋಡೆ ಬಿದ್ದ ಮೂರನೇ ದಿನ, ನೀನು ಆಸ್ಪತ್ರೆಯಲ್ಲಿ ಭಾವನ ಪಕ್ಕ ಕೂತಿದ್ದೆ. ನಾನೊಬ್ಬಳೇ ಮೂಲೆಯ ಇಟ್ಟಿಗೆ ಎತ್ತಿ ಹಾಕುತ್ತಿದ್ದೆ. ಆಗಲೇ ಕಂಡಿತು. ಕೀಲು ಬಾಯಿ ಬಿಟ್ಟಿತ್ತು, ನನ್ನ ಗೋಣಿಬಟ್ಟೆ ಕೊಳೆತು ಜೋತಾಡುತ್ತಿತ್ತು, ಕೆಳಗೆ ಮಣ್ಣು ಕೊಚ್ಚಿಹೋಗಿತ್ತು. ನಾನು ಮತ್ತೆ ಗೋಣಿ ಸುತ್ತಿ, ಮತ್ತೆ ಡಾಂಬರು ಬಳಿದು, ಮುಚ್ಚಿಬಿಟ್ಟೆ. ಕೈ ತೊಳೆದುಕೊಂಡು ಆಸ್ಪತ್ರೆಗೆ ಬಂದೆ. ನೀನು ಕಾರಿಡಾರಿನಲ್ಲಿ "ಅಕ್ಕಾ, ನಿಜವಾಗ್ಲೂ ಬಾವೀದೇ ತಪ್ಪಾ?" ಎಂದು ಕೇಳಿದೆ. ಆಗ ಆ ಮಾತು ಅಂದದ್ದು. ಗೊತ್ತಿದ್ದೇ ಅಂದೆ. ಡಾಂಬರು ಇನ್ನೂ ಉಗುರಲ್ಲಿತ್ತು. ಇದು ನಿನ್ನ ಮಗಳ ಚಿತ್ರದಲ್ಲಿ ಬಂದಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ. ಮೊದಲು ನಿನಗೆ, ಆಮೇಲೆ ಅವರಿಗೆ. ಕ್ಷಮಿಸು ಎಂದು ಬರೆಯಲು ಮೂರು ಹಾಳೆ ಹಾಳು ಮಾಡಿದೆ, ಕೈ ಬರಲಿಲ್ಲ, ಈಗ ಬರೆದೆ ಅಂದುಕೋ. ಇಪ್ಪತ್ತೈದನೇ ತಾರೀಖು ಮೂಲೆ ಅಗೆದು ಪೈಪು ತೆಗೆಯುತ್ತಾರೆ. ಆ ಗುಂಡಿಯನ್ನು ನೀನಲ್ಲದೆ ಬೇರೆ ಯಾರೂ ಮುಚ್ಚಕೂಡದು ಎಂದು ಹೇಳಿಟ್ಟಿದ್ದೇನೆ. ಹತ್ತೊಂಬತ್ತು ದಿನ ತಗೋ, ನಾನು ಬಾಯಿ ತೆಗೆಯುವುದಿಲ್ಲ, ನೀರು ಹಾಕುತ್ತೇನೆ, ನೀನು ಹೇಳಿದಷ್ಟೇ. ಬರುತ್ತೀಯೋ ಇಲ್ಲವೋ, ಇಪ್ಪತ್ತೆರಡರ ಒಳಗೆ ಉತ್ತರ ಹಾಕು.